ಬಾರದ ಕಂದು ಉಂಗುರ

ರಸಾಯನಶಾಸ್ತ್ರದಲ್ಲಿ ಕಣ್ಣಿಗೆ ಕಂಡದ್ದು ಯಾವಾಗ ಸಾಕ್ಷ್ಯವಾಗುತ್ತದೆ ಎಂಬ ಪ್ರಶ್ನೆಯ ಮೇಲೆ ಪಿಎಚ್‌ಡಿ ಮಾಡಿದವಳು ನಾನು. ಪಾಠ ಮಾಡುವುದು ಚಿಂತಾಮಣಿಯ ಒಂದು ಡಿಗ್ರಿ ಕಾಲೇಜಿನಲ್ಲಿ. ಇಲ್ಲಿ ಆ ಪ್ರಶ್ನೆ ಯಾರಿಗೆ ಬೇಕು? ಪ್ರಾಕ್ಟಿಕಲ್ ಪರೀಕ್ಷೆಗೆ ಕೊಟ್ಟ ಲವಣ ಯಾವುದೆಂದು ವಿದ್ಯಾರ್ಥಿಗಳಿಗೆ ಹೇಗೋ ಮೊದಲೇ ಗೊತ್ತಾಗಿರುತ್ತದೆ. ಟೆಸ್ಟ್ ಟ್ಯೂಬಿನಲ್ಲಿ ಏನು ಕಂಡಿತು ಎಂಬುದನ್ನು ಬಾಯಿಪಾಠ ಮಾಡಿ ಬಂದಿರುತ್ತಾರೆ.

ಈ ಸಲ ಕೊಟ್ಟದ್ದು ನೈಟ್ರೇಟ್. ಟ್ಯೂಬಿನಲ್ಲಿ ಕಂದು ಉಂಗುರ ಮೂಡಬೇಕು. ಆದರೆ ಅದಕ್ಕೆಂದು ಹಾಕುವ ಫೆರಸ್ ಸಲ್ಫೇಟ್ ದ್ರಾವಣ ಹಳತಾಗಿ ಕೆಟ್ಟುಹೋಗಿದ್ದರಿಂದ ಯಾರಿಗೂ ಉಂಗುರ ಬರಲಿಲ್ಲ. ಆದರೂ ಎಲ್ಲರೂ ಬಂತೆಂದೇ ಬರೆದರು. ಮಂಡಿಕಲ್ ಕಡೆಯ ಒಬ್ಬ ಹುಡುಗಿ ಮಾತ್ರ 'ಉಂಗುರ ಬರಲಿಲ್ಲ' ಎಂದು ಬರೆದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಅದಕ್ಕೆ ಸೊನ್ನೆ ಹಾಕಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಅದೇ ಬಾಟಲಿಯ ದ್ರಾವಣ ಹಾಕಿ, ಅವರ ಕಣ್ಣೆದುರೇ ಪರೀಕ್ಷೆ ಮಾಡಿ, ಟ್ಯೂಬನ್ನು ಅವರ ಮುಖದ ಮುಂದೆ ಹಿಡಿದೆ. ಉಂಗುರದ ಸುಳಿವೂ ಇರಲಿಲ್ಲ.

"ಎಲ್ಲಿದೆ ಸಾರ್? ತೋರಿಸಿ!" ಎಂದು ಕೂಗಿದೆ.

"ತೆಳ್ಳಗಿದೆಯಲ್ಲ ಮೇಡಂ. ನಿಮ್ಮ ಫಿಲಾಸಫಿ ಎಲ್ಲ ಇಲ್ಯಾಕೆ?" ಎಂದವರೇ ಹುಡುಗಿಯನ್ನು ಕರೆದರು. "ಬಾಮ್ಮ ಇಲ್ಲಿ. ಸರಿಯಾಗಿ ನೋಡು. ಈಗ ಕಾಣ್ತಿದೆ ತಾನೆ?"

ಅವಳು ಟ್ಯೂಬನ್ನು ನೋಡಿದಳು. ಅವರ ಕೈಯಲ್ಲಿದ್ದ ಕೆಂಪು ಪೆನ್ನನ್ನು ನೋಡಿದಳು. ನನ್ನ ಕಡೆ ಮಾತ್ರ ನೋಡಲಿಲ್ಲ.

"ಕಾಣ್ತಿದೆ ಸಾರ್."

ಪರೀಕ್ಷಕರು ನಗುತ್ತಾ ಸೊನ್ನೆಯನ್ನು ಹೊಡೆದುಹಾಕಿ, ಪೂರ್ತಿ ಅಂಕ ಕೊಟ್ಟರು.