ಗಾದಿ ಕಾಯುವ ಮುರಗೆಪ್ಪ

ಚಿಕ್ಕೋಡಿಯ ಪೇಟೆಯಲ್ಲಿ ಮುರಗೆಪ್ಪನಿಗೆ 'ಸಂಜಿ ಸಾವ್ಕಾರ' ಅಂತ ಹೆಸರು. ಬೆನ್ನ ಹಿಂದಲ್ಲ, ಎದುರಿಗೇ ಕರೆಯುತ್ತಾರೆ. ಅವನೂ 'ಓ' ಅನ್ನುತ್ತಾನೆ. ಧರಣೇಂದ್ರ ಅಣ್ಣಾರ ಬಟ್ಟೆ ಅಂಗಡಿಯಲ್ಲಿ ಮುಂಜಾನೆಯಿಂದ ಥಾನು ಹೊರುವುದು, ಬಿಚ್ಚುವುದು, ಗಿರಾಕಿ ಮೂಗು ಮುರಿದರೆ ಮತ್ತೆ ಮಡಚುವುದು ಅವನ ಕೆಲಸ. ಹೀಗೆ ಹೊತ್ತು ಹೊತ್ತು ಹೊತ್ತು ಮುಳುಗುತ್ತದೆ. ಮುಳುಗುವ ಹೊತ್ತಿಗೆ ಮಾತ್ರ ಅವನಿಗೆ ಬಡ್ತಿ.

ಅದಕ್ಕೆ ಕಾರಣ ಸೂರ್ಯ. ಅಣ್ಣಾರು ಜೈನರು, ನೇಮದವರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಆಮೇಲೆ ಬಸದಿಯ ಆರತಿ. ಮನೆಯವರೆಲ್ಲ ಹಾಗೇ, ಮಗ ಸಮ್ಮೇದನೂ ಹಾಗೇ. ಆದರೆ ಪೇಟೆಯ ಗಿರಾಕಿ ಏಳುವುದೇ ಆ ಹೊತ್ತಿಗೆ. ಅದೇ ದೀಪ ಹಚ್ಚುವ ಹೊತ್ತು ಕೂಡ. ದೀಪದ ಹೊತ್ತಿಗೆ ಅಂಗಡಿಯಲ್ಲಿ ಸಾವ್ಕಾರ ಕೂರುವ ಗಾದಿ ಖಾಲಿ ಇದ್ದರೆ ಲಕ್ಷ್ಮಿ ಬಾಗಿಲಿಂದಲೇ ಹೊಳ್ಳಿ ಹೋಗುತ್ತಾಳೆ ಅಂತ ಅಣ್ಣಾರ ತಂದೆ ಇದ್ದಾಗಿನಿಂದ ನಂಬಿಕೆ. ಹಿರಿಯ ಸಾವ್ಕಾರರು ಒಂದು ಸಂಜೆ, ಆಗಿನ್ನೂ ಮೀಸೆ ಮೂಡದ ಮುರಗೆಪ್ಪನನ್ನು ಕರೆದು, ಕೈಕಾಲು ತೊಳೆಸಿ, ಗಾದಿಯ ಮೇಲೆ ಕೂರಿಸಿ ಊಟಕ್ಕೆ ಹೋದರು. ಅಂದಿನಿಂದ ದಿನಾ ಸಂಜೆ ಅವನೇ ಗಾದಿ ಕಾಯುತ್ತಾನೆ. ನಮ್ಮ ಭಾಷೆಯಲ್ಲಿ ಆಳು ಅಂದರೆ ದುಡಿಯುವವನೂ ಹೌದು, ರಾಜ್ಯಭಾರ ಮಾಡು ಅಂತಲೂ ಹೌದು. ಎರಡೂ ಅರ್ಥಕ್ಕೆ ಒಬ್ಬನೇ ಮನುಷ್ಯ ಸಿಕ್ಕಿದ್ದು ಚಿಕ್ಕೋಡಿಯಲ್ಲಿ.

ಇದನ್ನೆಲ್ಲ ಪೇಟೆಯ ನಾವು ನಗುತ್ತಲೇ ಹೇಳುತ್ತಿದ್ದೆವು, ಅಕ್ಕವ್ವನಿಗೆ ಲಕ್ವಾ ಹೊಡೆಯುವವರೆಗೆ.

ಅಕ್ಕವ್ವ ಮುರಗೆಪ್ಪನ ಹೆಂಡತಿ. ಮನೆ ಕರೋಶಿಯಲ್ಲಿ. ಇಬ್ಬರೇ ಇರುವ ಸಂಸಾರ, ಮಕ್ಕಳಿಲ್ಲ. ಅವಳ ಬಲಗೈ ಬಲಗಾಲು ಒಮ್ಮೆಲೇ ಬಿದ್ದುಹೋದ ದಿನ ಅಣ್ಣಾರು ತಮ್ಮ ಕಾರಿನಲ್ಲೇ ಹಾಕಿಕೊಂಡು ಬೆಳಗಾವಿಗೆ ಓಡಿದರು, ದವಾಖಾನೆಯ ಬಿಲ್ಲು ಮುರಗೆಪ್ಪನ ಕಣ್ಣಿಗೂ ಬೀಳಗೊಡಲಿಲ್ಲ. ಜೀವ ಉಳಿಯಿತು, ಮಾತೂ ಉಳಿಯಿತು, ಎದ್ದು ನಡೆಯುವುದು ಉಳಿಯಲಿಲ್ಲ. ಹಗಲು ಪಕ್ಕದ ಮನೆಯ ಹೊಳೆವ್ವ ನೋಡಿಕೊಳ್ಳುತ್ತಾಳೆ. ಆದರೆ ಹೊಳೆವ್ವನಿಗೆ ಎಮ್ಮೆಗಳಿವೆ, ಎಮ್ಮೆಗೆ ಲಕ್ವಾ ಗೊತ್ತಿಲ್ಲ. ಸಂಜೆಯಾದರೆ ಹಿಂಡಬೇಕು, ಹಾಲು ಡೇರಿಗೆ ಹಾಕಬೇಕು, ತನ್ನ ಮನೆಯ ರೊಟ್ಟಿ ಬಡಿಯಬೇಕು. ಅವಳು ಎದ್ದು ಹೋದ ಮೇಲೆ, ಮುರಗೆಪ್ಪ ಅಂಗಡಿ ಮುಚ್ಚಿ ಕಡೆಯ ಬಸ್ಸು ಹಿಡಿದು ಬರುವ ತನಕ, ಅಕ್ಕವ್ವ ಒಬ್ಬಳೇ. ಕರೆಂಟು ಹೋದರೆ ಕತ್ತಲಲ್ಲಿ. ಸೀರೆ ಒದ್ದೆಯಾದರೆ ಒದ್ದೆಯಲ್ಲಿ. ಒಂದು ಸಲ ನೀರಿನ ತಂಬಿಗೆಗೆ ಕೈ ಚಾಚಲು ಹೋಗಿ ಮಂಚದಿಂದ ಬಿದ್ದಿದ್ದಳು. ಅವನು ಬಂದಾಗ ನೆಲದ ಮೇಲೇ ಇದ್ದಳು, ಕೆನ್ನೆಗೆ ಇರುವೆ ಹತ್ತಿದ್ದವು.

ಮುರಗೆಪ್ಪನಿಗೆ ಬೇಕಾದದ್ದು ಇಷ್ಟೇ: ಹೊಳೆವ್ವ ಏಳುವ ಹೊತ್ತಿಗೆ ತಾನು ಮನೆ ಸೇರುವುದು. ಕಷ್ಟವೆಂದರೆ ಹೊಳೆವ್ವನ ಎಮ್ಮೆ, ಅಣ್ಣಾರ ಊಟ, ಅಕ್ಕವ್ವನ ಕತ್ತಲು, ಮೂರಕ್ಕೂ ಒಂದೇ ಮುಹೂರ್ತ.

ಒಂದು ದಿನ ಧೈರ್ಯ ಮಾಡಿ ಅಣ್ಣಾರ ಮುಂದೆ ವಿಷಯ ತೆಗೆದ. ಸೀರೆ ಮಡಚುತ್ತ, ಸೆರಗಿನ ಕಡೆಗೇ ನೋಡುತ್ತ, ಅರ್ಧ ಮಾತು ಬಾಯಲ್ಲಿ, ಅರ್ಧ ಮಡಿಕೆಯಲ್ಲಿ. ಅಣ್ಣಾರಿಗೆ ಅರ್ಥವಾಯಿತು. ಕಣ್ಣೂ ಒದ್ದೆಯಾಯಿತು.

"ಮುರಗೂ, ನಿನಗ ಟೈಮ್ ಹಾಕಿದವರ ಯಾರೋ? ಅಂಗಡಿ ನಿಂದ. ನೀ ಯಾವಾಗ ಬೇಕಾದ್ರ ಹೋಗು" ಅಂದರು. ಅಷ್ಟರಲ್ಲಿ ಬಿಸಿಲು ಎದುರಿನ ಗೋಡೆಯಿಂದ ಮೇಲಕ್ಕೇರಿದ್ದು ಕಂಡು, ಚಪ್ಪಲಿ ಮೆಟ್ಟಿ ಊಟಕ್ಕೆ ಹೋದರು. ಮುರಗೆಪ್ಪ ಕೈಕಾಲು ತೊಳೆದು ಗಾದಿಯ ಮೇಲೆ ಕೂತ.

ಮಜವೆಂದರೆ, ಅದೇ ಅಂಗಡಿಯಲ್ಲಿ ಹೋದ ವರ್ಷ ಸೇರಿದ ದೀಪಾಲಿ ಅನ್ನುವ ಹುಡುಗಿಗೆ ಟೈಮು ಇದೆ. ಹಾಜರಿ ಇದೆ, ವಾರದ ರಜೆ ಇದೆ, ಪಿಎಫ್ ಇದೆ. ಸಮ್ಮೇದ ಎಲ್ಲ ಕಾಯ್ದೆಯ ಪ್ರಕಾರ ಮಾಡಿಸಿದ್ದಾನೆ. ಆರಕ್ಕೆ ಅವಳು ಬ್ಯಾಗು ಹೆಗಲಿಗೇರಿಸಿ "ಬರ್ತೀನ್ರಿ ಕಾಕಾ" ಅಂತಾಳೆ. ಮುರಗೆಪ್ಪನಿಗೆ ಅದ್ಯಾವುದೂ ಇಲ್ಲ. ಅವನನ್ನು ಕೇಳಿದರೆ ಹೆಮ್ಮೆಯಿಂದಲೇ ಹೇಳುತ್ತಿದ್ದ: ಅಕಿ ಹೊರಗಿನಾಕಿ, ನಾ ಮನಿಯಾಂವ. ಬಟ್ಟೆಗೆ ಮೀಟರು, ಹೊರಗಿನವರಿಗೆ ತಾಸು, ಮನೆಯವರಿಗೆ ಎಂಥ ಅಳತೆ? ನಾನು ಕಲಿತ ಕಾನ್ವೆಂಟಿನಲ್ಲಿ ಗಂಟೆ ಬಾರಿಸಿದರೆ ಸಿಸ್ಟರುಗಳೂ ಪುಸ್ತಕ ಮುಚ್ಚಿ ಹೋಗುತ್ತಿದ್ದರು. ದೇವರ ಕೆಲಸಕ್ಕೆ ನಿಂತವರಿಗೂ ಒಂದು ಗಂಟೆ ಇತ್ತು.

ಮುರಗೆಪ್ಪನ ಅಕ್ಕನ ಮಗ ಸಂಜಯ ಚಿಕ್ಕೋಡಿ ಕೋರ್ಟಿನಲ್ಲಿ ವಕೀಲಿ ಮಾಡುತ್ತಾನೆ. ಅತ್ತೆಯನ್ನು ನೋಡಲು ಕರೋಶಿಗೆ ಹೋದವನು ಕೆನ್ನೆಯ ಗಾಯ ಕಂಡು ಸಿಟ್ಟಾದ. ಅಂಗಡಿ ಕೆಲಸದವರಿಗೆ ದಿನಕ್ಕೆ ಒಂಬತ್ತು ತಾಸಿನ ಮೇಲೆ ದುಡಿಸುವ ಹಾಗಿಲ್ಲ, ಮಾವ ಮುಂಜಾನೆಯಿಂದ ನಿಂತವನು, ಅವನ ಒಂಬತ್ತು ತಾಸು ಹೊತ್ತು ಮುಳುಗುವುದಕ್ಕಿಂತ ಎಷ್ಟೋ ಮೊದಲೇ ಮುಗಿಯುತ್ತವೆ ಅಂತ ಲೆಕ್ಕ ತೋರಿಸಿದ. ತಕರಾರು ಅರ್ಜಿ ಬರೆದುಕೊಡು ಅಂದರೆ ಮುರಗೆಪ್ಪ ಕೈ ಕಟ್ಟಿಕೊಂಡ. ಹೆಂಡತಿಯನ್ನು ಕಾರಿನಲ್ಲಿ ಹಾಕಿಕೊಂಡು ಹೋದವರ ಮೇಲೆ ಅರ್ಜಿ ಬರೆಯಲು ಅವನ ಕೈಗೂ ಲಕ್ವಾ ಹೊಡೆದಿತ್ತು. ಕೊನೆಗೆ ಸಂಜಯನೇ ಒಂದು ದಾರಿ ಮಾಡಿದ. ಲೇಬರ್ ಇನ್ಸ್‌ಪೆಕ್ಟರ್ ಮೇಡಂ ಹೇಗೂ ಪೇಟೆಯ ಅಂಗಡಿಗಳ ತಪಾಸಣೆಗೆ ಬರುವವರಿದ್ದರು. ನಿಮ್ಮ ಅಂಗಡಿಗೂ ಬರುತ್ತಾರೆ, ಎಲ್ಲರನ್ನೂ ಕೇಳುವ ಹಾಗೆ ನಿನ್ನನ್ನೂ ಕೇಳುತ್ತಾರೆ. ಸಾವ್ಕಾರರ ಬಗ್ಗೆ ಒಂದು ಕೆಟ್ಟ ಮಾತು ಆಡುವುದು ಬೇಡ ಅಂತ ಮಾವನಿಗೆ ಹೇಳಿಕೊಟ್ಟ.

"ಮಾವಾ, ನೀ ಒಂದ ಮಾತ ಅನ್ನು. 'ನಾ ಇಲ್ಲಿ ಕೆಲಸಕ್ಕ ಅದೀನ್ರಿ' ಅನ್ನು. ಮುಂದಿಂದ ಎಲ್ಲಾ ಕಾಯ್ದೇನ ನೋಡ್ಕೋತೈತಿ."

ಆ ಒಂದು ಮಾತನ್ನು ಮುರಗೆಪ್ಪ ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿದ. ಅಕ್ಕವ್ವನ ಮುಂದೆ ಒಪ್ಪಿಸಿದ. "ದನಿ ತಗದ ಅನ್ರಿ" ಅಂತ ಅವಳು ಮಲಗಿದಲ್ಲಿಂದಲೇ ತಿದ್ದಿದಳಂತೆ.

ಮೇಡಂ ಬಂದದ್ದು ಯಾವ ಹೊತ್ತಿಗೆ ಅಂತೀರಿ? ಇಡೀ ಪೇಟೆ ನೋಡಿಕೊಂಡು ಕೊನೆಗೆ ಈ ಅಂಗಡಿಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಅಣ್ಣಾರು ಊಟಕ್ಕೆ ಹೋಗಿದ್ದರು. ದೀಪಾಲಿ ಹೋಗಿದ್ದಳು. ಮುರಗೆಪ್ಪ ಗಾದಿಯ ಮೇಲೆ, ಹಣೆಗೆ ವಿಭೂತಿ, ಬೆನ್ನಿಗೆ ಲೋಡುದಿಂಬು, ಕೈಯಲ್ಲಿ ಹಣದ ಗಲ್ಲೆಯ ಕೀಲಿ. ಮುಂದೆ ರಾಯಬಾಗದ ಬೀಗರು, ಎರಡೂ ಕಡೆಯವರು, ಮದುವೆಯ ಜವಳಿಗೆ ಟ್ರ್ಯಾಕ್ಟರು ತುಂಬಿ ಬಂದಿದ್ದರು. ಅವರಲ್ಲಿ ಒಬ್ಬ ಮುದುಕ ಆಗಷ್ಟೇ ತಮ್ಮವರಿಗೆಲ್ಲ ಸಾರಿದ್ದ: ಇವರು ಈ ಮನೆಯ ಹಿರೇ ಮನುಷ್ಯ, ನಮ್ಮ ಮಗಳ ಮದುವೆಗೂ ಇವರೇ ದರ ಬಿಟ್ಟುಕೊಟ್ಟವರು, ಇವರ ಮಾತಿಗೆ ಧರಣೇಂದ್ರ ಅಣ್ಣಾರೂ ಎದುರಾಡೋದಿಲ್ಲ.

ಮೇಡಂ ಮರ್ಯಾದೆಯಿಂದಲೇ ಕೇಳಿದರು. "ನೀವು ಈ ಅಂಗಡಿಯೊಳಗ ಏನ್ ಆಗಬೇಕ್ರಿ?"

ಮುರಗೆಪ್ಪ ಎದ್ದು ನಿಲ್ಲಬೇಕಿತ್ತು. ದೀಪದ ಹೊತ್ತಿಗೆ ಗಾದಿ ಬಿಟ್ಟು ಏಳುವ ಹಾಗಿಲ್ಲ. ಕೂತುಕೊಂಡೇ ಬಾಯಿ ತೆರೆದ. ಕರೋಶಿ ಬಸ್ಸಿನಲ್ಲಿ ಅಷ್ಟು ಸಲೀಸಾಗಿ ಬರುತ್ತಿದ್ದ ಮಾತು ಗಾದಿಯ ಮೇಲೆ ಬರಲಿಲ್ಲ. ಮುದುಕ ನೋಡುತ್ತಿದ್ದ, ಬೀಗತಿಯರು ನೋಡುತ್ತಿದ್ದರು, ಗೋಡೆಯ ಮೇಲಿಂದ ಹಾರ ಹಾಕಿಕೊಂಡ ಹಿರಿಯ ಸಾವ್ಕಾರರು ನೋಡುತ್ತಿದ್ದರು.

"ನಾ ಮನಿಯಾಂವರಿ" ಅಂದ.

ಹಂಗಂದ್ರ ಸಾವ್ಕಾರರ ಸಂಬಂಧಿಕರೇನು ಅಂತ ಮೇಡಂ ವಿಚಾರಿಸಿದರು. ಅವನಿಗಿಂತ ಮೊದಲೇ ಮುದುಕ ಬಾಯಿ ಹಾಕಿ, ಸಂಬಂಧಿಕರಲ್ಲ, ಅದಕ್ಕೂ ಹೆಚ್ಚು, ಇಡೀ ಅಂಗಡಿಯ ಕಾರಭಾರ ಇವರದೇ ಅಂತ ವಿವರಿಸಿದ. ಮೇಡಂ ಗಲ್ಲೆಯ ಕೀಲಿ ನೋಡಿದರು, ಲೋಡು ನೋಡಿದರು. ಅವರದೇನೂ ತಪ್ಪಿಲ್ಲ, ಕಂಡದ್ದನ್ನು ಬರೆದುಕೊಂಡರು: ವ್ಯವಸ್ಥಾಪಕರು.

ಮರುದಿನ ಅದನ್ನು ತಿಳಿದುಕೊಂಡು ಬಂದ ಸಂಜಯ ಅಂಗಡಿಯ ಕಟ್ಟೆಯ ಮೇಲೆ ಹಣೆ ಹಿಡಿದು ಕೂತ. ತಾಸಿನ ಲೆಕ್ಕ ಕೆಲಸದವರಿಗಷ್ಟೇ, ವ್ಯವಸ್ಥಾಪಕರಿಗೆ ಕಾಯ್ದೆಯ ಆ ಕಲಮು ಹತ್ತುವುದಿಲ್ಲ. ಇನ್ನು ಅದನ್ನು ಬದಲಿಸಬೇಕಾದರೆ ಅರ್ಜಿ, ಸಾಕ್ಷಿ, ವಿಚಾರಣೆ. ಮುರಗೆಪ್ಪ ಎದ್ದು ನಿಂತು, ಆ ದಿನ ನಾ ಹೇಳಿದ್ದು ಸುಳ್ಳು, ಇವರು ನನ್ನ ಧಣಿ, ನಾ ಇವರ ಆಳು ಅಂತ ಅಣ್ಣಾರ ಎದುರಿಗೇ ಹೇಳಬೇಕು.

"ಹೇಳ್ತೀ ಏನ್ ಮಾವಾ?"

ಮುರಗೆಪ್ಪ ಥಾನು ಎತ್ತಿಕೊಂಡು ಒಳಗೆ ಹೋದ.

ವಿಷಯ ಅಣ್ಣಾರ ಕಿವಿಗೂ ಬಿತ್ತು. ಸಿಟ್ಟಿನವರಾಗಿದ್ದರೆ ಬೈದು ಮುಗಿಸುತ್ತಿದ್ದರು, ಮುರಗೆಪ್ಪನೂ ತಿರುಗಿ ಬೈದು ಬಿಡುಗಡೆಯಾಗುತ್ತಿದ್ದ. ಅಣ್ಣಾರು ಒಳ್ಳೆಯವರು. ಎರಡು ದಿನ ಮಾತು ಕಮ್ಮಿ ಮಾಡಿದರು. ಮೂರನೆಯ ದಿನ ಅಂಗಡಿಯ ಹಿಂದಿನ ಗೋದಾಮು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಒಂದು ಮಂಚ, ಒಂದು ಫ್ಯಾನು ಹಾಕಿಸಿದರು. ಕರೋಶಿಗೆ ಗಾಡಿ ಕಳಿಸಿ ಅಕ್ಕವ್ವನನ್ನು ತಾವೇ ನಿಂತು ಇಳಿಸಿಕೊಂಡರು. ಇನ್ನು ಬಸ್ಸಿನ ಚಿಂತೆಯಿಲ್ಲ, ಹೊಳೆವ್ವನ ಹಂಗಿಲ್ಲ, ಹೆಂಡತಿ ಕಣ್ಣ ಮುಂದೆ ಅಂದರು. ಪೇಟೆಯೆಲ್ಲ ಅವರನ್ನು ಹೊಗಳಿತು. ನಾನೂ ಹೊಗಳಿದೆ, ಮತ್ತೇನು ಮಾಡಲಿ? ಮುರಗೆಪ್ಪ ಅವರ ಕಾಲು ಮುಟ್ಟಿದ.

ಈಗ ಅಂಗಡಿ ಮುಚ್ಚಿದ ಮೇಲೂ ಅವನು ಅಂಗಡಿಯಲ್ಲೇ. ಲಾರಿಯವ ಎಷ್ಟು ಹೊತ್ತಿಗೆ ಮಾಲು ತಂದರೂ ಶಟರು ತಟ್ಟಿದರೆ ಸಾಕು. ವಾರದ ರಜೆಯ ದಿನವೂ ತುರ್ತಿನ ಗಿರಾಕಿಗೆ ಹಿಂದಿನ ಬಾಗಿಲು ಗೊತ್ತಾಗಿದೆ. ಮನೆಯವನು ಮನೆಯಲ್ಲೇ ಇದ್ದಾನೆ, ಹೋಗಬೇಕೆಂದರೆ ಎಲ್ಲಿಗೆ ಹೋದಾನು?

ಮೊನ್ನೆ ಸಂಜೆ ಒಂದು ಟವೆಲು ಬೇಕಾಗಿ ನಾನು ಹೋಗಿದ್ದೆ. ಅಣ್ಣಾರು ಊಟಕ್ಕೆ ಎದ್ದಿದ್ದರು. ಮುರಗೆಪ್ಪ ಗಾದಿಯ ಮೇಲಿದ್ದ. ಕಾಗವಾಡ ಕಡೆಯ ಹೆಣ್ಣುಮಕ್ಕಳು ಇಳಕಲ್ ಸೀರೆ ತೆಗೆಸುತ್ತಿದ್ದರು. ಗೋದಾಮಿನೊಳಗಿಂದ ಅಕ್ಕವ್ವ ಕರೆದಳು. ಹೆಸರು ಹಿಡಿದಲ್ಲ, ಬರೀ "ಏನ್ರೀ" ಅಂತ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಕರೋಶಿಯಲ್ಲಿದ್ದಾಗಲೂ ಅವಳು ಹೀಗೇ ಕರೆದಿರಬೇಕು, ಆಗ ಅವನಿಗೆ ಕೇಳಿಸುತ್ತಿರಲಿಲ್ಲ.

ಅವನ ಮೊಣಕಾಲು ಏಳುವಂತೆ ಅಲುಗಿತು. ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಅವನು ಏಳಲಿಲ್ಲ.

ಹೆಣ್ಣುಮಕ್ಕಳಲ್ಲಿ ಒಬ್ಬಳು, ಒಳಗ ಯಾರೋ ಕರ್ಯಾಕತ್ತಾರಲ್ರಿ ಅಂದಳು.

"ಅಕಿ ಕಾಯ್ತಾಳ. ನೀವ ಸೀರಿ ನೋಡ್ರಿ" ಅಂದ ಮುರಗೆಪ್ಪ, ಇನ್ನೊಂದರ ಸೆರಗು ಬಿಚ್ಚಿ ಹರಡಿದ.