ಸಿದ್ದಲಿಂಗವ್ವನ ಹಗೇವು

ಸಿದ್ದಲಿಂಗವ್ವನ ಕೈ ಬಲು ಚುರುಕು. ಬೈಲಹೊಂಗಲದ ಅವಳ ಕಂಪ್ಯೂಟರ್ ಕೇಂದ್ರದಲ್ಲಿ ಅದು ಕೀಬೋರ್ಡಿನ ಮೇಲೆ ಎಷ್ಟು ಚುರುಕೋ ಗಲಾಟೆ ಮಾಡಿದ ವಿದ್ಯಾರ್ಥಿಗಳ ಬೆನ್ನಿನ ಮೇಲೂ ಅಷ್ಟೇ. ಹೊಡೆತ ಕಲಿತದ್ದು ಗಂಡ ಶಂಕರೆಪ್ಪನಿಂದ. ದೊಡವಾಡದ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೂ ಬಾರುಕೋಲು, ಹೆಚ್ಚಾದರೂ ಬಾರುಕೋಲು. ಒಂದು ದಿನ ಅವನು ಒಲೆಯ ಕೊಳ್ಳಿಯನ್ನೇ ಎತ್ತಿಕೊಂಡಾಗ ಅವಳು ಉಟ್ಟ ಸೀರೆಯಲ್ಲೇ ಮನೆ ಬಿಟ್ಟಳು. ಅಂಥವನನ್ನೂ ಊರು ದೊಡ್ಡ ಮನುಷ್ಯ ಎನ್ನುತ್ತಿತ್ತು, ಥೂ!

ಇದು ನಡೆದದ್ದು ೨೦೦೫ರಲ್ಲಿ. ಫೋನ್ ತಂತಿಯಲ್ಲಿ ಬರುವ ಇಂಟರ್ನೆಟ್ಟಿಗಿಂತ ಆಗ ಎತ್ತಿನ ಗಾಡಿಯೇ ಮೇಲು. ಒಂದೇ ಸಾಫ್ಟ್‌ವೇರ್ ಪ್ಯಾಕೇಜನ್ನು ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಇಳಿಸುವುದು ಆಗದ ಮಾತು. ಆದ್ದರಿಂದ ಸಿದ್ದಲಿಂಗವ್ವ ಒಮ್ಮೆ ಇಳಿದದ್ದನ್ನೆಲ್ಲ ಮೂಲೆಯ ಹಳೆಯ ಮಶೀನೊಂದರಲ್ಲಿ ಕೂಡಿಡುತ್ತಿದ್ದಳು. ಉಳಿದವು ಬೇಕಾದ್ದನ್ನು ಅಲ್ಲಿಂದಲೇ ಬೇಗ ಎಳೆದುಕೊಳ್ಳುತ್ತಿದ್ದವು. ನೆಲದಡಿ ಜೋಳ ತುಂಬಿಡುವ ಕಣಜದ ಹೆಸರನ್ನೇ ಅದಕ್ಕಿಟ್ಟಿದ್ದಳು: ಹಗೇವು.

ವಿದ್ಯಾರ್ಥಿಗಳ ಕಂಪ್ಯೂಟರ್ ಪರೀಕ್ಷೆಯ ಹಿಂದಿನ ದಿನ ಅವರು ಕೂರುವ ಕಂಪ್ಯೂಟರುಗಳಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ತುಂಬಬೇಕೆಂಬುದು ನಿಯಮ. ತುಂಬದಿದ್ದರೆ ಕೇಂದ್ರದ ಮಾನ್ಯತೆ ಹೋಗುತ್ತದೆ. ಆಮೇಲೆ ಅವಳಿಗೆ ಗಂಡನ ಮನೆಯೇ ಗತಿ. ಇದು ಶಂಕರೆಪ್ಪನ ಕಿವಿಗೂ ಬಿತ್ತು. ಅಳಿಸುವ ದಿನವೇ ಬಂದು ಕುಡಗೋಲಿನಿಂದ ಫೋನ್ ತಂತಿ ಕಡಿದ. ಬಾವಿಯ ಕಾಲುವೆ ಒಡೆದು ನೆರೆಯವರ ಮೆಣಸಿನಗಿಡ ಒಣಗಿಸಿದ್ದ ಮಹಾನುಭಾವ ಅವನು. ಇಲ್ಲೂ ಅದೇ ಲೆಕ್ಕ ಹಾಕಿದ್ದ.

ಹೆಂಡತಿ ಅಳುತ್ತ ಹೊರಬರಲೆಂದು ಎದುರಿನ ಚಹಾದಂಗಡಿಯಲ್ಲಿ ಕಾದು ಕುಳಿತ. ಅಂಗಡಿಯ ಅಕ್ಬರಸಾಬ ನಕ್ಕುಬಿಟ್ಟ.

“ತಂತಿ ಕಡದ್ರ ಏನಾತ್ರಿ? ಆಕಿ ಮೂಲ್ಯಾಗಿನ ಮಶೀನದಾಗ ಹಗೇವ ತುಂಬಿಟ್ಟಾಳ.”

ಬಾಯಿಗೆ ಬೀಗವಿಲ್ಲದ ಮನುಷ್ಯ! ಶಂಕರೆಪ್ಪ ಅಂಗಡಿಯ ಮುಂದಿದ್ದ ಕಬ್ಬಿಣದ ಹಾರೆ ಎತ್ತಿಕೊಂಡು ಒಳನುಗ್ಗಿದ. ಕೊನೆಯ ಕಂಪ್ಯೂಟರ್ ಇನ್ನೂ ತುಂಬುತ್ತಿತ್ತು. ಸಿದ್ದಲಿಂಗವ್ವ ಹಗೇವಿಗೆ ಅಡ್ಡ ನಿಂತಳು.

“ಬಾಜೂಕ ಸರಿ!”

“ಸರಿಯಂಗಿಲ್ಲ.”

ಮೊದಲ ಏಟಿಗೆ ಅವಳ ಮುಂಗೈ ಮೂಳೆ ಲಟಕ್ಕೆಂದಿತು. ಮುಂದಿನದು ಹಣೆ ಸೀಳಿತು. ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಅವಳು ಉಳಿದ ಕೈಯಿಂದ ಹಾರೆಯನ್ನು ಹಿಡಿದು, ಅವನ ಮಣಿಕಟ್ಟಿಗೆ ಹಲ್ಲು ನಾಟುವಂತೆ ಕಚ್ಚಿದಳು. ಅವನು ಹೊಟ್ಟೆಗೆ ಒದ್ದ. ಆದರೂ ಅವಳು ಬಿಡಲಿಲ್ಲ.

“ಮುಗೀತ್ರಿ ಮೇಡಂ! ಎಲ್ಲಾ ತುಂಬೇತ್ರಿ!” ಕೊನೆಯ ಕಂಪ್ಯೂಟರಿನ ಮುಂದಿದ್ದ ವಿದ್ಯಾರ್ಥಿನಿ ಫರೀನ್ ಚೀರಿದಳು.

ಸಿದ್ದಲಿಂಗವ್ವ ಹಾರೆಯನ್ನು ಬಿಟ್ಟು ಪಕ್ಕಕ್ಕೆ ಸರಿದಳು.

“ಈಗ ಒಡಿ.”

ಅವನು ಹಗೇವನ್ನು ಪುಡಿಪುಡಿಯಾಗುವ ತನಕ ಒಡೆದ. ಗೆದ್ದ ಖುಷಿಯಲ್ಲಿ ಏದುಸಿರು ಬಿಡುತ್ತ ತಿರುಗಿದರೆ ಉಳಿದ ಕಂಪ್ಯೂಟರುಗಳೆಲ್ಲ ಆರಾಮಾಗಿ ನಡೆಯುತ್ತಿದ್ದವು. ಅಷ್ಟರಲ್ಲಿ ಓಣಿಯವರು ಬಂದು ಅವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು. ಮೊದಲ ಏಟು ಅಕ್ಬರಸಾಬನದೇ. ಇದನ್ನು ಬರೆಯುವಾಗ ನನಗೆ ಹಿತವಾಗುತ್ತಿದೆ, ಸುಳ್ಳೇಕೆ ಹೇಳಲಿ?

ಮರುದಿನ ಬೆಳಗಾವಿಯಿಂದ ಬಂದ ಪರೀಕ್ಷಕರು ಅವಳ ಹೊಲಿಗೆ ಹಾಕಿದ ಹಣೆ, ಕೊರಳಿಗೆ ಕಟ್ಟಿದ ಕೈ ನೋಡಿ ಗಾಬರಿಯಾದರು.

“ಬ್ಯಾರೆ ದಿನ ಇಟ್ಕೊಳ್ಳೂಣೇನ್ರಿ, ಮೇಡಂ?”

“ಬ್ಯಾಡ್ರಿ ಸರ. ಮತ್ತ ಅಳಿಸಿ ತುಂಬಬೇಕಂದ್ರ ಹಗೇವ ಇಲ್ಲ. ಮುರಸ್ಕೊಳ್ಳಾಕ ಇನ್ನೊಂದ ಕೈ ಅಷ್ಟ ಉಳದೈತಿ. ಇವತ್ತ ನಡಸ್ರಿ.”