ಹಸಿರು ಪಟ್ಟಿಗೆ ಇಳಿದ ಮಾವ

ಮೊನ್ನೆ ಭಾನುವಾರ ನಮ್ಮ ಫ್ಲ್ಯಾಟಿನ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ, ಆರೋಗ್ಯ ತಪಾಸಣೆಯ ಶಿಬಿರ ಇಟ್ಟಿದ್ದರು. ಇಂಥದ್ದಕ್ಕೆಲ್ಲ ನಾನು ಹೋಗುವವಳಲ್ಲ. ಆದರೆ ಬ್ಯಾನರಿನಲ್ಲಿ ‘ಉಚಿತ’ ಎಂದು ಬರೆದಿದ್ದರು. ಉಚಿತ ಎಂದರೆ ಕಾಯಿಲೆ ಇಲ್ಲದವರಿಗೂ ಒಮ್ಮೆ ಹೋಗಿ ನೋಡಿ ಬರುವ ಮನಸ್ಸಾಗುತ್ತದೆ, ನಿಮಗೂ ಗೊತ್ತಿರುವ ವಿಷಯವೇ. ಬಿಳಿ ಕೋಟಿನ ಹುಡುಗಿಯೊಬ್ಬಳು ನನ್ನನ್ನು ತೂಕದ ಮೆಷಿನ್ನಿನ ಮೇಲೆ ನಿಲ್ಲಿಸಿದಳು, ಕಂಬಕ್ಕೆ ಒರಗಿಸಿ ಎತ್ತರ ಅಳೆದಳು, ಮೊಬೈಲಿನಲ್ಲಿ ಏನನ್ನೋ ಒತ್ತಿದಳು. ಆಮೇಲೆ ಸಾವಿನ ಸುದ್ದಿ ತಿಳಿಸುವವರ ದನಿಯಲ್ಲಿ, “ಆಂಟಿ, ನಿಮ್ಮ ಬಿಎಂಐ ಜಾಸ್ತಿ ಉಂಟು. ಓವರ್‌ವೇಟ್” ಎಂದಳು.

ನಾನು ನಕ್ಕುಬಿಟ್ಟೆ. “ಅದು ಕಾಲೇಜಿಗೆ ಹೋಗುವಾಗಲೇ ಗೊತ್ತಿತ್ತು ಮಗಾ.”

ಹುಡುಗಿ ಕಣ್ಣರಳಿಸಿದಳು. ಬಿಎಂಐ ಎನ್ನುವುದು ಮೊಬೈಲಿನ ಜೊತೆಗೇ ಹುಟ್ಟಿದ್ದು ಎಂದು ಅವಳು ತಿಳಿದಿದ್ದಳೋ ಏನೋ. ಕದ್ರಿಯಲ್ಲಿ ನನ್ನ ಮಾವನ ಮನೆಯ ಸುತ್ತ ಇದ್ದ ನಮ್ಮ ನಾಲ್ಕು ಮನೆಯವರಿಗೆ ಅದು ಎಂಬತ್ತರ ದಶಕದ ಶುರುವಿನಲ್ಲೇ ಪರಿಚಯವಾಗಿತ್ತು. ವಿಮಾನದಲ್ಲಿ, ಹಾಲಿನ ಪುಡಿಯ ಡಬ್ಬಿಗಳ ಜೊತೆ ಬಂದಿತ್ತು.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ನಮ್ಮ ಕಡೆಯ ಮನೆತನಗಳಲ್ಲಿ ಸೋದರಮಾವನ ಮಾತಿಗೆ ತೂಕ ಹೆಚ್ಚು. ನನ್ನ ಮಾವನಿಗಂತೂ ಮಾತಿಗೆ ಮಾತ್ರ ಅಲ್ಲ. ಹಂಪನಕಟ್ಟೆಯ ಒಂದು ಒಳರಸ್ತೆಯಲ್ಲಿ ಅವರ ಹೋಟೆಲಿತ್ತು. ಬೆಳಿಗ್ಗೆ ಬನ್ಸ್, ಮಧ್ಯಾಹ್ನ ಮೀನಿನ ಊಟ, ಸಂಜೆ ಎಣ್ಣೆಯಲ್ಲಿ ಕರಿದ ಉಂಡೆ ಗೋಳಿಬಜೆ. ಗಲ್ಲಾದ ಮೇಜಿನ ಹಿಂದೆ ಅವರು ಕುಳಿತರೆ ಮೊದಲು ಹೊಟ್ಟೆ ಕಾಣುತ್ತಿತ್ತು, ಆಮೇಲೆ ನಗು. ಯಾರಾದರೂ ಹೊಟ್ಟೆಯ ಮಾತೆತ್ತಿದರೆ, “ಹೋಟೆಲಿನವನೇ ಒಣಗಿಕೊಂಡಿದ್ರೆ ಗಿರಾಕಿಗಳು ಒಳಗೆ ಬರ್ತಾರಾ ಮಾರಾಯ್ರೆ? ಇದು ಹೊಟ್ಟೆ ಅಲ್ಲ, ಬೋರ್ಡು” ಎನ್ನುತ್ತಿದ್ದರು.

ನಾನು ಊರಿನಿಂದ ಕಾಲೇಜು ಓದಲು ಬಂದು ಅವರ ಮನೆಯಲ್ಲಿದ್ದೆ. ಓದಲು ಎಂದು ಮನೆಯವರ ಸಮಾಧಾನಕ್ಕೆ ಹೇಳುವುದು. ನಿಜಕ್ಕೂ ಬಂದದ್ದು ಕಬ್ಬಿಣದ ಗುಂಡು ಎಸೆಯಲು. ಗುಂಡೆಸೆತದಲ್ಲಿ ಕಾಲೇಜಿಗೆ ನಾನೇ ಮೊದಲು. ನನ್ನ ತೋಳು ಕಂಡು ಬಸ್ಸಿನ ಕಂಡಕ್ಟರುಗಳು ಚಿಲ್ಲರೆಗೆ ತಕರಾರು ಮಾಡುತ್ತಿರಲಿಲ್ಲ.

ಪಕ್ಕದ ಮನೆ ಸಿಸಿಲಿ ಬಾಯಿಯದ್ದು; ಕೊಂಕಣಿಯಲ್ಲಿ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತಾರೆ. ಕೊಲ್ಲಿ ದೇಶದ ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದು, ಇನ್ನು ಸಾಕು ಎಂದು ಊರಿಗೆ ಮರಳಿದವರು. ಸಣ್ಣ ಮೈಕಟ್ಟು, ದೊಡ್ಡ ಗಂಟಲು. ಮಾವನೂ ಅವರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಸಿಟ್ಟು ಬಂದರೆ ಬಾಯಿ ಕೊಂಕಣಿಗೆ ಹೋಗುತ್ತಿದ್ದರು, ಗೌರವ ತೋರಿಸಬೇಕಾದರೆ ಕನ್ನಡಕ್ಕೆ. ನಿಮಗಾಗಿ ನಾನು ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತಿದ್ದೇನೆ. ಹಾಗಾಗಿ ಅವರಿಬ್ಬರೂ ಇದ್ದುದಕ್ಕಿಂತ ಸ್ವಲ್ಪ ಹೆಚ್ಚು ಮರ್ಯಾದಸ್ಥರಾಗಿ ಕಂಡರೆ ಕ್ಷಮಿಸಬೇಕು.

ಕೊಲ್ಲಿಯಿಂದ ಬಂದವರ ಮನೆಗೆ ಟೇಪ್‌ರೆಕಾರ್ಡರ್ ನೋಡಲು ಹೋಗುವುದು ಆಗಿನ ರೂಢಿ. ಸಿಸಿಲಿ ಬಾಯಿ ತಂದದ್ದು ತೂಕದ ಮೆಷಿನ್. ಅಲ್ಲಿಯವರೆಗೆ ನಮಗೆ ತೂಕ ಎಂದರೆ ರೈಲ್ವೆ ಸ್ಟೇಷನ್ನಿನಲ್ಲಿ ನಾಣ್ಯ ಹಾಕಿದರೆ ಚೀಟಿ ಉದುರಿಸುತ್ತಿದ್ದ ಬಣ್ಣದ ದೀಪಗಳ ಯಂತ್ರ. ಆ ಚೀಟಿಯ ಒಂದು ಬದಿ ತೂಕ, ಇನ್ನೊಂದು ಬದಿ ಭವಿಷ್ಯ. ‘ನಿಮಗೆ ವಿದೇಶಯೋಗವಿದೆ’ ಎಂದು ಬಂದರೆ ತೂಕವನ್ನು ಯಾರು ನೋಡುತ್ತಾರೆ? ಬಾಯಿಯ ಮೆಷಿನ್ ಹಾಗಲ್ಲ, ಭವಿಷ್ಯವನ್ನು ಬಾಯಿಯೇ ಹೇಳುತ್ತಿದ್ದರು. ಅದಕ್ಕೆ ಚಾವಡಿಯ ಗೋಡೆಯಲ್ಲಿ ಒಂದು ಚಾರ್ಟ್ ತೂಗುಹಾಕಿದ್ದರು. ಅಡ್ಡಕ್ಕೆ ತೂಕ, ಉದ್ದಕ್ಕೆ ಎತ್ತರ. ನಡುವೆ ಬಣ್ಣದ ಪಟ್ಟಿಗಳು: ಹಸಿರು ಎಂದರೆ ಸರಿ, ಹಳದಿ ಎಂದರೆ ದಪ್ಪ, ಕೆಂಪು ಎಂದರೆ ದೇವರೇ ಕಾಪಾಡಬೇಕು.

ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಬಾಯಿ ನೆರೆಹೊರೆಯವರನ್ನೆಲ್ಲ ಕರೆದು ತೂಗುತ್ತಿದ್ದರು. ಮೂಲೆಮನೆಯ ರಾಯರು ಹಸಿರಿನ ಸರಿಮಧ್ಯಕ್ಕೆ ಬಂದರು. ದಿನವಿಡೀ ಬೀಡಿ ಸೇದಿ, ನಾಲ್ಕು ಮೆಟ್ಟಿಲು ಹತ್ತಿದರೆ ಕೆಮ್ಮುತ್ತಿದ್ದ ರಾಯರು ಅಂದಿನಿಂದ ಬೇಲಿಯಾಚೆ ನಿಂತು ನಮಗೆ ಆರೋಗ್ಯದ ಉಪದೇಶ ಕೊಡತೊಡಗಿದರು.

ಮಾವನ ಸರದಿ ಬಂದಾಗ ಚಪ್ಪಲಿ ಬಿಚ್ಚಿದರು, ವಾಚು ತೆಗೆದರು, ಉಂಗುರವನ್ನೂ ತೆಗೆದು ನನ್ನ ಕೈಗೆ ಕೊಟ್ಟರು. ಮುಳ್ಳು ಯಾವುದಕ್ಕೂ ಕರಗಲಿಲ್ಲ.

“ನೋಡಿ ಶೆಟ್ರೇ,” ಬಾಯಿ ವಿವರಿಸಿದರು, “ನಿಮ್ಮ ಕಿಲೋವನ್ನು ನಿಮ್ಮ ಎತ್ತರದ ಮೀಟರಿನಿಂದ ಭಾಗಿಸುದು. ಬಂದದ್ದನ್ನು ಇನ್ನೊಮ್ಮೆ ಅದೇ ಎತ್ತರದಿಂದ ಭಾಗಿಸುದು. ಅದಕ್ಕೇ ಬಿಎಂಐ ಅಂತ ಹೇಳುದು.”

“ಒಂದು ಸಲ ಭಾಗ ಮಾಡಿದ್ದು ಸಾಕಾಗ್ಲಿಲ್ವಾ ಬಾಯಿ? ನಮ್ಮ ಕುಟುಂಬದ ಆಸ್ತಿಯ ಹಾಗೆ ಮಾಡ್ತೀರಲ್ಲ!”

ಎಷ್ಟು ಭಾಗಿಸಿದರೂ ಮಾವ ಕೆಂಪಿನಲ್ಲೇ ಉಳಿದರು. ನಾನು ಹಳದಿ. ಅತ್ತೆ ಮೆಷಿನ್ ಹತ್ತಲೇ ಇಲ್ಲ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಮನೆಗೆ ನಡೆದರು. ನಮ್ಮ ಮನೆಯಲ್ಲಿ ಬುದ್ಧಿವಂತರು ಯಾರು ಎಂದು ಆಗಲೇ ಗೊತ್ತಾಗಬೇಕಿತ್ತು.

ಮಾವನೂ ನಾನೂ ಹಸಿರಿಗೆ ಇಳಿಯುವುದೆಂದು ಪಣ ತೊಟ್ಟೆವು. ಬೆಳಿಗ್ಗೆ ಕದ್ರಿ ಗುಡ್ಡ ಹತ್ತುವುದು, ಕುಚ್ಚಲಕ್ಕಿ ಅನ್ನ ಅರ್ಧ ಮಾಡುವುದು, ಕರಿದದ್ದನ್ನು ಮುಟ್ಟದಿರುವುದು. ನಾನು ಪ್ರಾಮಾಣಿಕವಾಗಿ ಹಸಿದುಕೊಂಡೆ. ಮಾವ ಗುಡ್ಡದ ಬುಡದವರೆಗೆ ಬಂದು, ದೇವಸ್ಥಾನದ ಕಟ್ಟೆಯಲ್ಲಿ ಕುಳಿತು, “ನೀನು ಹೋಗಿ ಬಾ ಮಗಾ, ನಾನು ಇಲ್ಲಿಂದಲೇ ನೋಡ್ತೇನೆ” ಎನ್ನುತ್ತಿದ್ದರು. ಕರಿದದ್ದನ್ನು ಮನೆಯಲ್ಲಿ ಮುಟ್ಟುತ್ತಿರಲಿಲ್ಲ, ನಿಜ. ಆದರೆ ಕಾಲೇಜು ಬಿಟ್ಟ ಮೇಲೆ ನಾನು ಹೋಟೆಲಿಗೆ ಹೋದರೆ ಗಲ್ಲಾದ ಮರೆಯಲ್ಲಿ ಅವರ ಗೋಳಿಬಜೆಯ ತಟ್ಟೆ ಇದ್ದೇ ಇರುತ್ತಿತ್ತು. “ಇದು ತಿನ್ನುದಲ್ಲ ಮಗಾ, ರುಚಿ ನೋಡುದು. ಗಿರಾಕಿಗೆ ಉಪ್ಪು ಹೆಚ್ಚಾದ್ರೆ?” ಎನ್ನುತ್ತಿದ್ದರು. ಅವರ ರುಚಿ ನೋಡುವಿಕೆಗೆ ಚಟ್ನಿಯೂ ಬೇಕಾಗುತ್ತಿತ್ತು.

ನಾನು ಇಳಿದೆ. ಹಳದಿಯ ಅಂಚಿಗೆ ಬಂದೆ, ಇನ್ನೇನು ಹಸಿರು. ಅಷ್ಟರಲ್ಲಿ ಕಾಲೇಜುಗಳ ಕ್ರೀಡಾಕೂಟ ಬಂತು. ವೃತ್ತದೊಳಗೆ ನಿಂತು, ಕುತ್ತಿಗೆಗೆ ಗುಂಡು ಒತ್ತಿಕೊಂಡು, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದೆ. ಅದು ನನ್ನ ಕಾಲಬುಡದಿಂದ ಸ್ವಲ್ಪವೇ ಮುಂದೆ ಬಿತ್ತು. ನಮ್ಮ ಪಿ.ಟಿ. ಮಾಸ್ಟ್ರು ಓಡಿಬಂದು, “ಎಂತ ಮಾರಾಯ್ತಿ, ಎಸೆದದ್ದಾ, ಇಟ್ಟದ್ದಾ?” ಎಂದರು.

ಅಳುತ್ತಲೇ ಸಿಸಿಲಿ ಬಾಯಿಯ ಮನೆಗೆ ಹೋದೆ. “ನಿಮ್ಮ ಚಾರ್ಟಿನಿಂದಾಗಿ ನಾನು ಸೋತೆ” ಎಂದೆ. ಬಾಯಿ ನನ್ನ ತೋಳನ್ನು ಎರಡು ಬೆರಳಲ್ಲಿ ಹಿಂಡಿದರು, ಕಾಲಿನ ಮೀನಖಂಡ ಒತ್ತಿದರು. ಅವರ ಮುಖ ಸಪ್ಪಗಾಯಿತು.

“ತಪ್ಪಾಯ್ತು ಮಗಾ. ಇದು ಬೊಜ್ಜಲ್ಲ, ಗಟ್ಟಿ ಮಾಂಸ. ಮೆಷಿನ್‌ಗೆ ಎರಡೂ ಒಂದೇ. ನಾನಾದ್ರೂ ಮುಟ್ಟಿ ನೋಡ್ಬೇಕಿತ್ತು.” ಆಮೇಲೆ ಒಳಗೆ ಹೋಗಿ ಒಂದು ಬಟ್ಟಲು ಗಂಜಿಯನ್ನೂ ಒಣಮೀನಿನ ಚಟ್ನಿಯನ್ನೂ ತಂದಿಟ್ಟರು. “ಉಣ್ಣು. ನಿನಗೆ ಹಳದಿಯೇ ಚೆಂದ.”

ಹೀಗೆ ನನ್ನ ವ್ರತ ಮುಗಿಯಿತು. ಆದರೆ ಮಾವ, ಗುಡ್ಡ ಹತ್ತದ, ಗೋಳಿಬಜೆ ಬಿಡದ ಮಾವ, ಇಳಿಯುತ್ತಲೇ ಹೋದರು. ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿನ ಕಡೆಗೆ. ಪ್ಯಾಂಟು ಜಾರತೊಡಗಿತು, ಕೊರಳಪಟ್ಟಿಯ ಒಳಗೆ ಕೈ ಹೋಗುವಷ್ಟು ಅಂಗಿ ಸಡಿಲವಾಯಿತು. ಹೋಟೆಲಿಗೆ ಬಂದವರೆಲ್ಲ, “ಶೆಟ್ರು ಹುಡುಗ ಆಗಿದ್ದಾರಲ್ಲ! ಎಂತ ಗುಟ್ಟು?” ಎಂದು ಕೇಳುವವರೇ. ಮಾವ ಗಂಭೀರವಾಗಿ, “ಮನಸ್ಸಿನ ನಿಗ್ರಹ” ಎನ್ನುತ್ತಿದ್ದರು. ಪಣಂಬೂರಿನ ಬಂದರಿನಲ್ಲಿ ಕೆಲಸಕ್ಕಿದ್ದ ಅವರ ಗೆಳೆಯರೊಬ್ಬರು ನಿಗ್ರಹ ಕಲಿಯಲೆಂದೇ ರಜೆ ಹಾಕಿ ಬಂದರು. ಅವರಿಗೆ ಉಪದೇಶದ ಜೊತೆ ಗೋಳಿಬಜೆಯೂ ಸಿಕ್ಕಿತು.

ಹಸಿರಿಗೆ ಬಂದ ಭಾನುವಾರ ಬಾಯಿಯ ಚಾವಡಿಯಲ್ಲಿ ಚಪ್ಪಾಳೆ. ಮಾವ ಮೆಷಿನ್ನಿನಿಂದ ಇಳಿದು, ಚುನಾವಣೆ ಗೆದ್ದವರ ಹಾಗೆ ಕೈ ಮುಗಿದು, “ಸ್ವಲ್ಪ ನೀರು ಕೊಡಿ ಬಾಯಿ” ಎಂದರು. ಬಾಯಿ ಚೊಂಬು ಕೊಟ್ಟರು. ಮಾವ ಅಷ್ಟನ್ನೂ ಕುಡಿದು ಇನ್ನೊಂದು ಕೇಳಿದರು. ಅದನ್ನೂ ಕುಡಿದು ಹಿತ್ತಲಿಗೆ ಹೋಗಿ ಬಂದು, ಮತ್ತೆ ನೀರು ಕೇಳಿದರು.

ಬಾಯಿ ಚಪ್ಪಾಳೆ ನಿಲ್ಲಿಸಿದರು. ಮಾವನ ಕೈಕಾಲು ನೋಡಿದರು, ಹೊಟ್ಟೆ ನೋಡಿದರು. ಕೈಕಾಲು ಕಡ್ಡಿಯಾಗಿದ್ದವು. ಹೊಟ್ಟೆ ಮಾತ್ರ ಅಂಗಿಯ ಕೆಳಗೆ ಅದರ ಪಾಡಿಗೆ ಉಳಿದುಕೊಂಡಿತ್ತು.

“ಶೆಟ್ರೇ, ನೀವು ನಿಜವಾಗಿ ಎಂತ ಬಿಟ್ಟಿದ್ದೀರಿ?”

“ಎಲ್ಲ ಬಿಟ್ಟಿದ್ದೇನೆ.”

“ನಾಳೆ ಆಸ್ಪತ್ರೆಗೆ ಹೋಗುವ. ರಕ್ತ ಪರೀಕ್ಷೆ ಮಾಡಿಸ್ಬೇಕು.”

ಮಾವನಿಗೆ ಸಿಟ್ಟು ಬಂತು. ಎಲ್ಲರ ಮುಂದೆ ಮೆರೆಯುತ್ತಿದ್ದ ಹೊತ್ತು ನೋಡಿ! “ದಪ್ಪ ಇದ್ದಾಗಲೂ ಬೈದ್ರಿ. ಈಗ ಸಪೂರ ಆದ್ರೂ ಬೈತೀರಿ. ನಿಮಗೆ ಯಾವ ಬಣ್ಣ ಬೇಕು ಅಂತ ಒಮ್ಮೆ ಹೇಳಿ ಬಾಯಿ!” ಎಂದು ಹೊರಟವರು ಬಾಯಿಯ ಗೇಟನ್ನು ದಡಾರನೆ ಹಾಕಿದರು. ಆಮೇಲೆ ಒಂದು ವಾರ ಆ ಕಡೆ ಮುಖ ಮಾಡಲಿಲ್ಲ. ಬೇಲಿಯ ಹತ್ತಿರ ರಾಯರು ನಿಂತು, “ಅವರಿಗೆ ಹೊಟ್ಟೆಕಿಚ್ಚು ಶೆಟ್ರೇ” ಎಂದು ಸಮಾಧಾನ ಹೇಳಿದರು.

ಬಾಯಿ ನನ್ನನ್ನು ಕರೆದರು. ಆ ದನಿಯಲ್ಲಿ ಎಂದಿನ ಜೋರು ಇರಲಿಲ್ಲ. “ನಿಜ ಹೇಳು ಮಗಾ. ಮಾವ ತಿನ್ನುದು ಬಿಟ್ಟಿದ್ದಾರಾ?”

ಮಾವನ ಗುಟ್ಟು ಬಿಟ್ಟುಕೊಡಲು ನನಗೆ ಕಷ್ಟವಾಯಿತು. ಆದರೆ ಬಾಯಿಯ ಕಣ್ಣು ನೋಡಿದ ಮೇಲೆ ಸುಳ್ಳು ಹೇಳುವುದು ಇನ್ನೂ ಕಷ್ಟ. “ಬಿಟ್ಟಿಲ್ಲ. ಈಗ ಮೊದಲಿಗಿಂತ ಜಾಸ್ತಿ ತಿನ್ತಾರೆ. ಎಷ್ಟು ತಿಂದ್ರೂ ಹಸಿವು ಅಂತಾರೆ” ಎಂದೆ.

ಬಾಯಿ ಕೊಡೆ ಎತ್ತಿಕೊಂಡು ಸೀದಾ ಬಸ್ಸು ಹಿಡಿದರು, ಹಿಂದೆ ನಾನು. ಹೋಟೆಲಿನೊಳಗೆ ಹೋಗಿ ಗಲ್ಲಾದ ಎದುರೇ ನಿಂತರು. ಮಾವನ ಕೈಯಲ್ಲಿ ಅರ್ಧ ಗೋಳಿಬಜೆ. ಅಷ್ಟೂ ಗಿರಾಕಿಗಳ ನಡುವೆ ಬಾಯಿ ಬೈಯುತ್ತಾರೆ ಎಂದು ನಾನು ಹೆದರಿದ್ದೆ. ಅವರು ಬೈಯಲಿಲ್ಲ. ಮೇಜಿನ ಮೇಲೆ ಬಗ್ಗಿ, ಮೆಲ್ಲಗೆ, “ಶೆಟ್ರೇ, ಇಷ್ಟು ತಿಂದು ಯಾರೂ ಸಪೂರ ಆಗುದಿಲ್ಲ. ನನಗೆ ಹೆದರಿಕೆ ಆಗ್ತಾ ಉಂಟು” ಎಂದರು.

ಮಾವ ಬಜೆಯನ್ನು ತಟ್ಟೆಗಿಟ್ಟರು. “ನನಗೂ” ಎಂದರು.

ಆ ಒಂದು ಮಾತಿನಲ್ಲಿ ಇಷ್ಟು ದಿನದ ಮೆರವಣಿಗೆ ಮುಗಿದುಹೋಯಿತು. ಮಾವನಿಗೆ ಹೆದರಿಕೆ ಎನ್ನುವುದು ಇದೆ ಎಂದು ನನಗೆ ತಿಳಿದದ್ದೇ ಅಂದು. ಕಾಲು ಜುಮ್ಮೆನ್ನುವುದು, ಕಣ್ಣು ಮಂಜಾಗುವುದು, ಮಧ್ಯಾಹ್ನದ ಹೊತ್ತಿಗೆ ಕುರ್ಚಿಯಿಂದ ಏಳಲೂ ಆಗದಿರುವುದು, ಎಲ್ಲವನ್ನೂ ಅವರು ಹೊಗಳಿಕೆಯ ಕೆಳಗೆ ಮುಚ್ಚಿಟ್ಟಿದ್ದರು. ಎಲ್ಲರೂ ಚೆನ್ನಾಗಿ ಕಾಣುತ್ತೀರಿ ಎನ್ನುವಾಗ ನನಗೆ ಮೈ ಸರಿಯಿಲ್ಲ ಎಂದು ಹೇಳುವುದು ಹೇಗೆ?

ಆಸ್ಪತ್ರೆಗೆ ಕರೆದೊಯ್ದು ರಕ್ತ ನೋಡಿಸಿದರೆ ಶುಗರ್ ಎಷ್ಟಿತ್ತೆಂದರೆ ಡಾಕ್ಟರು ಮನೆಗೇ ಕಳುಹಿಸಲಿಲ್ಲ. ಇನ್ನೂ ತಡ ಮಾಡಿದ್ದರೆ ಪ್ರಜ್ಞೆ ತಪ್ಪಿದ ಮೇಲೆ ಹೊತ್ತುಕೊಂಡು ಬರಬೇಕಿತ್ತು ಎಂದರಂತೆ. ಅತ್ತೆ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಕದ್ರಿಯ ಮಂಜುನಾಥನಿಗೆ ಹರಕೆ ಹೇಳಿಕೊಂಡರು. ಪಕ್ಕದಲ್ಲೇ ಕುಳಿತ ಬಾಯಿ ಬಿಕರ್ನಕಟ್ಟೆಯ ಬಾಲಯೇಸುವಿಗೆ ಮೇಣದ ಬತ್ತಿ ಹೇಳಿಕೊಂಡರು. ಮಾವ ಮನೆಗೆ ಬಂದ ಮೇಲೆ ಇಬ್ಬರೂ ಜೊತೆಯಾಗಿ ಎರಡೂ ಕಡೆ ಹೋಗಿ ಬಂದರು, ಯಾರ ಪಾಲೂ ಬಾಕಿ ಇರಬಾರದೆಂದು.

ಇನ್ಸುಲಿನ್ ಚುಚ್ಚಲು ಬಾಯಿಯೇ ದಿನಾ ಬರುತ್ತಿದ್ದರು. ಕ್ರಮೇಣ ಮಾವನ ಕೈಕಾಲು ತುಂಬಿದವು, ಕೆನ್ನೆ ಬಂತು. ಒಂದು ಭಾನುವಾರ ಮತ್ತೆ ಮೆಷಿನ್ ಹತ್ತಿದರೆ ಹಳದಿ. ಬಾಯಿ ಶಿಲುಬೆಯ ಗುರುತು ಮಾಡಿಕೊಂಡು, “ಸದ್ಯ!” ಎಂದರು.

“ನೋಡು ಮಗಾ,” ಮಾವ ನನ್ನತ್ತ ತಿರುಗಿದರು, “ನಾನು ದಪ್ಪ ಆದದ್ದಕ್ಕೆ ದೇವರಿಗೆ ಕೈಮುಗಿದವರು ಲೋಕದಲ್ಲಿ ಇವರೊಬ್ಬರೇ.”

“ಬಹಳ ಏರ್ಬೇಡಿ,” ಬಾಯಿ ಟೈಲರಿನ ಟೇಪು ತೆಗೆದು ಅವರ ಹೊಟ್ಟೆಯ ಸುತ್ತ ಹಾಕುತ್ತ ಹೇಳಿದರು. “ಇನ್ನು ಮುಂದೆ ಇದನ್ನೂ ಅಳೆಯುದು.”

ನಾನು ಕೇಳಿದೆ, “ಬಾಯಿ, ಆ ಚಾರ್ಟನ್ನು ಇನ್ನಾದ್ರೂ ಹರಿದು ಹಾಕಬಾರದಾ? ನನಗೂ ತಪ್ಪು ಹೇಳಿತು, ಮಾವನಿಗೂ ತಪ್ಪು ಹೇಳಿತು.”

“ಯಾಕೆ ಹರಿಯುದು? ವಾರ ವಾರ ತೂಗದೆ ಇದ್ದಿದ್ರೆ ನಿನ್ನ ಮಾವ ಇಷ್ಟು ಬೇಗ ಇಳಿದದ್ದು ನನಗೆ ಗೊತ್ತಾಗ್ತಿತ್ತಾ? ಅದು ಬಾಗಿಲು ತಟ್ಟುತ್ತದೆ, ಅಷ್ಟೇ. ಎದ್ದು ಹೋಗಿ ಯಾರು ಬಂದದ್ದು ಅಂತ ನೋಡುದು ನಮ್ಮ ಕೆಲಸ.”

ಮಾವ ಆಮೇಲೂ ಬಹಳ ವರ್ಷ ಬಾಳಿದರು. ಗುಡ್ಡ ಹತ್ತಲಿಲ್ಲ, ಆದರೆ ಪ್ರತಿ ಸಂಜೆ ಬಾಯಿಯ ಜೊತೆ ಜಗಳವಾಡುತ್ತ ಕದ್ರಿಯ ರಸ್ತೆಯಲ್ಲಿ ನಡೆಯುತ್ತಿದ್ದರು. ಬೇರೆ ಯಾವ ವ್ಯಾಯಾಮವೂ ಅವರಿಗೆ ಅಷ್ಟು ಒಗ್ಗಲಿಲ್ಲ.

ಇದನ್ನೆಲ್ಲ ನಾನು ಆ ಬಿಳಿ ಕೋಟಿನ ಹುಡುಗಿಗೆ, ಅವಳೆದುರಿನ ಕುರ್ಚಿಯಲ್ಲಿ ಕುಳಿತು, ಹೇಳುತ್ತ ಹೋದೆ. ನನ್ನ ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದ್ದರು. ಬಿಎಂಐ ಎಂದರೆ ಏನೂ ಅಲ್ಲ, ನಮ್ಮ ಮಾವನ ಕಥೆ ಕೇಳಿ ಎಂದು ಇಷ್ಟು ವರ್ಷ ಎಷ್ಟೋ ಮಂದಿ ಡಾಕ್ಟರುಗಳ ಬಾಯಿ ಮುಚ್ಚಿಸಿದ್ದೇನೆ, ಇವಳದ್ದೇನು ಎಂಬ ಹುಮ್ಮಸ್ಸು ನನಗೆ. ಹುಡುಗಿ ಕೊನೆಯವರೆಗೂ ತಾಳ್ಮೆಯಿಂದ ಕೇಳಿದಳು. ಆಮೇಲೆ, “ಹೋದ ವರ್ಷ ನಿಮ್ಮ ತೂಕ ಎಷ್ಟಿತ್ತು ಆಂಟಿ?” ಎಂದಳು.

ನನಗೆ ಗೊತ್ತಿರಲಿಲ್ಲ. ಅದರ ಹಿಂದಿನ ವರ್ಷದ್ದೂ ಗೊತ್ತಿರಲಿಲ್ಲ.

“ಶುಗರ್ ನೋಡಿಸಿದ್ದು ಯಾವಾಗ?”

ಮಾವನ ಕಥೆಯ ಅರ್ಧವನ್ನು ಮಾತ್ರ, ನನಗೆ ಹಿತವಾದ ಅರ್ಧವನ್ನು ಮಾತ್ರ ಕಟ್ಟಿಕೊಂಡು ನಾನು ಹಾಯಾಗಿ ಕುಳಿತಿದ್ದೆ ಎಂದು ಆ ಕುರ್ಚಿಯಲ್ಲಿ ಕುಳಿತೇ ಹೊಳೆಯಿತು. “ಬೆರಳು ಕೊಡಿ” ಎಂದಳು. ಕಬ್ಬಿಣದ ಗುಂಡು ಎಸೆದವಳು ಒಂದು ಸೂಜಿಗೆ ಹೆದರಿ ಮುಖ ಆಚೆ ತಿರುಗಿಸಿದೆ.

ಎಷ್ಟು ಬಂತು ಎಂದು ನಿಮಗೆ ಹೇಳುವುದಿಲ್ಲ. ನೀವು ನಾಲ್ಕು ಜನರಿಗೆ ಹೇಳುತ್ತೀರಿ. ಹೆದರುವಂಥದ್ದೇನಲ್ಲ, ಆದರೆ ಸುಮ್ಮನೆ ಕೂರುವಂಥದ್ದೂ ಅಲ್ಲ. ಸಂಜೆ ಕದ್ರಿ ಪಾರ್ಕಿನ ಕಡೆ ನಡೆಯಲು ಹೋಗುವುದಾದರೆ ನನ್ನನ್ನೂ ಕರೆಯಿರಿ. ಸ್ವಲ್ಪ ನಿಧಾನ ನಡೆಯಬೇಕಷ್ಟೇ. ಮಾತಿಗೇನೂ ಬರವಿಲ್ಲ.